32 ಬಿಟ್‌ನ ಸಿ ಪ್ರೋಗ್ರಾಂ 64 ಬಿಟ್‌ಗೆ ಬಂದಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಕೆಲವು ತಿಂಗಳಿಂದ ಈ ಅಂಕಣಕ್ಕೆ ಬರುತ್ತಿರುವ ಪತ್ರಗಳಲ್ಲಿ ಒಂದೇ ಬಗೆಯ ತೊಂದರೆ ಮತ್ತೆ ಮತ್ತೆ ಕಾಣುತ್ತಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ಲಿನಕ್ಸ್ ಬಳಸುವವರೂ ಹಳೆಯ 32 ಬಿಟ್ ಕಂಪ್ಯೂಟರ್‌ಗಳನ್ನು ಒಂದೊಂದಾಗಿ ತೆಗೆಯುತ್ತಿದ್ದಾರೆ. ಯಂತ್ರ ಬದಲಾಯಿಸುವುದು ಒಂದು ದಿನದ ಕೆಲಸ. ಆ ಯಂತ್ರದಲ್ಲಿ ಹತ್ತಿಪ್ಪತ್ತು ವರ್ಷ ಓಡಿದ ಸಿ ಪ್ರೋಗ್ರಾಂ ಹೊಸದರಲ್ಲಿ ಕಂಪೈಲ್ ಆಗುವಾಗ (ಯಂತ್ರದ ಭಾಷೆಗೆ ಬದಲಾಗುವಾಗ) ಪರದೆಯ ತುಂಬ ವಾರ್ನಿಂಗ್, ಅಂದರೆ ಎಚ್ಚರಿಕೆಯ ಸಾಲುಗಳನ್ನು ಸುರಿಸುವುದನ್ನು ನೋಡಿದವರು ಮಾತ್ರ ಗಾಬರಿಯಾಗುತ್ತಾರೆ. ಆದ್ದರಿಂದ ಈ ಸಂಚಿಕೆಯ ಉತ್ತರಗಳನ್ನೆಲ್ಲ ಆ ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ಲಾಟ್ ಸಂಖ್ಯೆ, ರೈತರ ಹೆಸರು, ತೂಕ ಮತ್ತು ದಿನಾಂಕಗಳನ್ನು ಬರೆದಿಡಲು ನಮ್ಮ ಅಣ್ಣ ಬಹಳ ಹಿಂದೆ ಸಿ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದುಕೊಟ್ಟಿದ್ದರು. ಅದು ಓಡುತ್ತಿದ್ದ 32 ಬಿಟ್ ಲಿನಕ್ಸ್ ಕಂಪ್ಯೂಟರ್ ಈ ವರ್ಷ ಕೆಟ್ಟಿತು. ಹೊಸ 64 ಬಿಟ್ ಯಂತ್ರದಲ್ಲಿ ಜಿಸಿಸಿ ಎಂಬ ಕಂಪೈಲರ್‌ನಿಂದ ಕಂಪೈಲ್ ಮಾಡಿದರೆ 143 ವಾರ್ನಿಂಗ್ ಬರುತ್ತವೆ. ಪರಿಚಯದವರೊಬ್ಬರು ಚಿಕ್ಕಕ್ಷರದ ಡಬ್ಲ್ಯೂ ಆಯ್ಕೆ ಕೊಟ್ಟರೆ ಎಲ್ಲ ನಿಲ್ಲುತ್ತವೆ ಎಂದರು. ಹಾಗೆ ಮಾಡಿದಾಗ ನಿಂತವು ಕೂಡ. ಆದರೆ ಹೆಸರು ಕೊಟ್ಟು ರೈತರನ್ನು ಹುಡುಕಿದ ತಕ್ಷಣ ಪ್ರೋಗ್ರಾಂ ‘ಸೆಗ್ಮೆಂಟೇಶನ್ ಫಾಲ್ಟ್’ ಎಂದು ಬೀಳುತ್ತದೆ. 2011ರ ದಾಖಲೆಯ ಫೈಲ್ ತೆರೆದರೆ ಮೊದಲ ಲಾಟ್‌ನ ರೈತರ ಹೆಸರು ಸರಿಯಾಗಿದೆ, ತೂಕದ ಜಾಗದಲ್ಲಿ 9890020992 ಎಂದಿದೆ, ಎರಡನೆಯವರ ಹೆಸರಿನ ಮುಂಭಾಗವೇ ಇಲ್ಲ. ಒಂದು ಲಾಟ್‌ನ ವಿವರಗಳನ್ನು ಒಟ್ಟಿಗೆ ಹಿಡಿಯಲು ಅಣ್ಣ ಬರೆದ ಸ್ಟ್ರಕ್ಚರ್‌ನಲ್ಲಿ ಕ್ರಮವಾಗಿ ಲಾಟ್‌ಗೆ ಇಂಟ್, ಹೆಸರಿಗೆ 30 ಕ್ಯಾರೆಕ್ಟರ್, ತೂಕಕ್ಕೆ ಲಾಂಗ್, ದಿನಾಂಕಕ್ಕೆ ಟೈಮ್-ಟಿ ಇವೆ. ನಮ್ಮ ದಾಖಲೆ ಹಾಳಾಯಿತೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ದಾಖಲೆ ಹಾಳಾಗಿಲ್ಲ, ಆ ಆತಂಕವನ್ನು ಮೊದಲು ಬಿಡಿ. ಆದರೆ ಹೊಸ ಯಂತ್ರದಲ್ಲಿ ಆ ಫೈಲ್‌ಗೆ ಏನನ್ನೂ ಸೇರಿಸಬೇಡಿ. ಇಂದೇ ಅದರ ಎರಡು ಪ್ರತಿ ಮಾಡಿ ಒಂದನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ ತೆಗೆದಿಡಿ. ಚಿಕ್ಕಕ್ಷರದ ಡಬ್ಲ್ಯೂ ಆಯ್ಕೆಯನ್ನೂ ಇಂದೇ ತೆಗೆದುಹಾಕಿ. ಅದನ್ನು ಇಟ್ಟುಕೊಂಡು ಅಂಗಡಿಯ ಲೆಕ್ಕ ನಡೆಸುವುದೆಂದರೆ ಉಡಿಯಲ್ಲಿ ಕೆಂಡ ಕಟ್ಟಿಕೊಂಡು ಓಡಾಡಿದಂತೆ.

ನಿಮ್ಮ ಅಣ್ಣನವರು ಪ್ರೋಗ್ರಾಂ ಬರೆದ 32 ಬಿಟ್ ಲಿನಕ್ಸ್‌ನಲ್ಲಿ ಇಂಟ್, ಲಾಂಗ್ ಎಂಬ ಪೂರ್ಣಾಂಕದ ಟೈಪ್‌ಗಳು ಮತ್ತು ಮೆಮೊರಿಯ ವಿಳಾಸ ಹಿಡಿಯುವ ಪಾಯಿಂಟರ್, ಈ ಮೂರೂ ತಲಾ 4 ಬೈಟ್ ಇದ್ದವು. ಒಂದು ಬರೆಯುವಲ್ಲಿ ಇನ್ನೊಂದನ್ನು ಬರೆದರೂ ಲೆಕ್ಕ ಕೂಡಿಬರುತ್ತಿತ್ತು. 64 ಬಿಟ್ ಲಿನಕ್ಸ್‌ನಲ್ಲಿ ಇಂಟ್ 4 ಬೈಟ್‌ನಲ್ಲೇ ಉಳಿಯಿತು, ಲಾಂಗ್ ಮತ್ತು ಪಾಯಿಂಟರ್ 8 ಬೈಟ್ ಆದವು. ಈ ಪದ್ಧತಿಗೆ ಎಲ್‌ಪಿ64 ಎಂದು ಹೆಸರು. ನಿಮ್ಮ 143 ವಾರ್ನಿಂಗ್‌ಗಳಲ್ಲಿ ಹೆಚ್ಚಿನವು, ಮೂರರ ಅಳತೆಯೂ ಒಂದೇ ಎಂಬ ಹಳೆಯ ನಂಬಿಕೆಯ ಮೇಲೆ ಬರೆದ ಸಾಲುಗಳನ್ನು ಕಂಪೈಲರ್ ಬೆರಳಿಟ್ಟು ತೋರಿಸುತ್ತಿರುವುದೇ ಆಗಿರುತ್ತವೆ.

ಪಟ್ಟಿಯಲ್ಲಿ ‘ಇಂಪ್ಲಿಸಿಟ್ ಡಿಕ್ಲರೇಶನ್ ಆಫ್ ಫಂಕ್ಷನ್’ ಎಂದು ಶುರುವಾಗುವ ವಾರ್ನಿಂಗ್‌ಗಳನ್ನು ಎಲ್ಲಕ್ಕಿಂತ ಮೊದಲು ಹುಡುಕಿ. ರೈತರನ್ನು ಹುಡುಕುವ ಫಂಕ್ಷನ್ ಒಂದು ಫೈಲ್‌ನಲ್ಲಿದ್ದು, ಅದನ್ನು ಕರೆಯುವ ಸಾಲು ಇನ್ನೊಂದು ಫೈಲ್‌ನಲ್ಲಿದ್ದು, ಆ ಎರಡನೆಯ ಫೈಲ್‌ಗೆ ಮೊದಲನೆಯದರ ಘೋಷಣೆ ಎಲ್ಲಿಯೂ ಕಾಣದಿದ್ದರೆ, ಹಳೆಯ ಸಿ ನಿಯಮದಂತೆ ಕಂಪೈಲರ್ ಆ ಫಂಕ್ಷನ್ ಇಂಟ್ ಕೊಡುತ್ತದೆ ಎಂದು ತಾನೇ ಊಹಿಸಿಕೊಳ್ಳುತ್ತದೆ. ನಿಜವಾಗಿ ಅದು ಕೊಡುವುದು ಪಾಯಿಂಟರ್. ರೈತರ ವಿವರವಿರುವ ಮೆಮೊರಿಯ ವಿಳಾಸ ಹದಿನಾರರ ಎಣಿಕೆಯಲ್ಲಿ 5563 9142 7260 ಎಂದಿಟ್ಟುಕೊಳ್ಳಿ. ಫಂಕ್ಷನ್ ಈ ವಿಳಾಸವನ್ನು ಪೂರ್ತಿಯಾಗಿಯೇ ಹಿಂದಿರುಗಿಸುತ್ತದೆ, ಆದರೆ ಕರೆದ ಕಡೆಯ ಕೋಡ್ ಅದನ್ನು ಇಂಟ್ ಎಂದು ತಿಳಿದು ಕೆಳಗಿನ 4 ಬೈಟ್‌ಗಳನ್ನು, ಅಂದರೆ 9142 7260 ಎಂಬುದನ್ನು ಮಾತ್ರ ಎತ್ತಿಕೊಳ್ಳುತ್ತದೆ. ಅದರ ಮೊದಲ ಬಿಟ್ 1 ಆಗಿರುವುದರಿಂದ ಅದು ಋಣ ಸಂಖ್ಯೆಯಾಗುತ್ತದೆ. ಮತ್ತೆ 8 ಬೈಟ್‌ನ ಪಾಯಿಂಟರ್ ಮಾಡುವಾಗ ಅದರ ಮುಂದೆ ಎಂಟು ಎಫ್‌ಗಳು ಸೇರಿಕೊಳ್ಳುತ್ತವೆ. ಹೀಗೆ ಹುಟ್ಟಿದ ವಿಳಾಸದಲ್ಲಿ ನಿಮ್ಮ ಪ್ರೋಗ್ರಾಂಗೆ ಸೇರಿದ್ದು ಏನೂ ಇರುವುದಿಲ್ಲ. ಸೆಗ್ಮೆಂಟೇಶನ್ ಫಾಲ್ಟ್ ಬರುವುದು ಅಲ್ಲಿ. ವಿಳಾಸ 2 ಗಿಗಾಬೈಟ್‌ಗಿಂತ ಕೆಳಗೆ ಬಿದ್ದ ಯಂತ್ರಗಳಲ್ಲಿ ಮೇಲಿನ ಅರ್ಧ ಹೇಗೂ ಸೊನ್ನೆಯೇ ಆಗಿರುವುದರಿಂದ ಇದೇ ತಪ್ಪು ಕೋಡ್ ಸರಿಯಾಗಿ ಓಡಿದಂತೆ ಕಾಣುತ್ತದೆ, ಹಾಗಾಗಿ ‘ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿಯಿದೆಯಲ್ಲ’ ಎಂದು ಯಾರಾದರೂ ಹೇಳಿದರೆ ನಂಬಿ ಕೂರಬೇಡಿ.

ಇದಕ್ಕೆ ಪರಿಹಾರ ಒಂದು ಹೆಡರ್ ಫೈಲ್ ಬರೆದು ಅದರಲ್ಲಿ ಪ್ರತಿ ಫಂಕ್ಷನ್‌ನ ಘೋಷಣೆ ಹಾಕಿ, ಅದನ್ನು ಎಲ್ಲ ಫೈಲ್‌ಗಳಲ್ಲೂ ಸೇರಿಸುವುದು. ಫಂಕ್ಷನ್ ಬರೆದಿರುವ ಫೈಲ್‌ನಲ್ಲೂ ಅದನ್ನು ಸೇರಿಸಿ, ಆಗ ಘೋಷಣೆಗೂ ಮೂಲಕ್ಕೂ ತಾಳೆ ಬೀಳದಿದ್ದರೆ ಕಂಪೈಲರ್ ಹೇಳುತ್ತದೆ. ಕರೆಯುವ ಸಾಲಿನ ಮುಂದೆ ಪಾಯಿಂಟರ್‌ನ ಕಾಸ್ಟ್ (ಒಂದು ಟೈಪ್‌ನ ಬೆಲೆಯನ್ನು ಇನ್ನೊಂದಾಗಿ ತೆಗೆದುಕೋ ಎಂಬ ಸೂಚನೆ) ಹಾಕಿ ಮುಗಿಸುವ ಆಸೆ ನಿಮಗೂ ಆಗಬಹುದು. ಅರ್ಧ ವಿಳಾಸ ಕತ್ತರಿಸಿಹೋದ ಮೇಲೆ ಹಾಕುವ ಕಾಸ್ಟ್ ಆ ಅರ್ಧವನ್ನು ತಂದುಕೊಡಲಾರದು. ನಿಮಗೆ ಇದು ವಾರ್ನಿಂಗ್ ಆಗಿ ಬಂದಿದೆ ಎಂದರೆ ನಿಮ್ಮ ಜಿಸಿಸಿ 14ಕ್ಕಿಂತ ಹಿಂದಿನದು ಇರಬೇಕು. ಘೋಷಣೆಯಿಲ್ಲದ ಫಂಕ್ಷನ್ ಕರೆಯುವುದನ್ನು ಸಿ ಭಾಷೆಯ 1999ರ ಮಾನಕವೇ ತೆಗೆದುಹಾಕಿತ್ತು. ಆದರೂ ಹಳೆಯ ಕೋಡ್‌ಗಳ ಮೇಲಿನ ದಾಕ್ಷಿಣ್ಯಕ್ಕೆ ಜಿಸಿಸಿ ಬರೀ ವಾರ್ನಿಂಗ್ ಕೊಟ್ಟು ಬಿಡುತ್ತಿತ್ತು. 2024ರಲ್ಲಿ ಬಂದ 14ನೇ ಆವೃತ್ತಿಯಿಂದ ಅದನ್ನು ದೋಷವೆಂದೇ ನಿಲ್ಲಿಸುತ್ತದೆ. ಈ ನಿರ್ಧಾರ ಇನ್ನೂ ಬೇಗ ಬರಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಸುತ್ತಿನಲ್ಲಿ ‘ಫಾರ್ಮ್ಯಾಟ್’ ಎಂದು ಹೇಳುವ ವಾರ್ನಿಂಗ್‌ಗಳನ್ನು ನೋಡಿ. ಲಾಂಗ್ ಬೆಲೆಯನ್ನು ಪ್ರಿಂಟ್‌ಎಫ್‌ನಲ್ಲಿ ಪರ್ಸೆಂಟ್ ಡಿ ಎಂದು ಮುದ್ರಿಸಿದ್ದರೆ ಚಿಕ್ಕ ಸಂಖ್ಯೆಗಳು ಸರಿಯಾಗಿಯೇ ಕಾಣಬಹುದು, ಆದ್ದರಿಂದ ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸ್ಕ್ಯಾನ್‌ಎಫ್‌ನಲ್ಲಿ ಅದೇ ತಪ್ಪು ಹೆಚ್ಚು ಕೆಟ್ಟದ್ದು. ತೂಕದ ಲಾಂಗ್‌ಗೆ ಪರ್ಸೆಂಟ್ ಡಿ ಎಂದು ಓದಿಸಿದರೆ 8 ಬೈಟ್‌ಗಳಲ್ಲಿ 4 ಮಾತ್ರ ತುಂಬುತ್ತವೆ, ಉಳಿದ 4ರಲ್ಲಿ ಮೊದಲು ಏನು ಕಸ ಇತ್ತೋ ಅದೇ ಉಳಿಯುತ್ತದೆ. ಅಲ್ಲಿ ಸೊನ್ನೆ ಇದ್ದ ದಿನ ಚೀಲದ ತೂಕ ಸರಿ, ಇಲ್ಲದ ದಿನ ಕೋಟಿಗಟ್ಟಲೆ. ಲಾಂಗ್‌ಗೆ ಪರ್ಸೆಂಟ್ ಎಲ್‌ಡಿ, ಮೆಮೊರಿಯ ಅಳತೆ ಹಿಡಿಯುವ ಸೈಜ್-ಟಿಗೆ ಪರ್ಸೆಂಟ್ ಜೆಡ್‌ಯು ಎಂದು ಒಂದೊಂದಾಗಿ ತಿದ್ದಿ.

ಈಗ ಆ 9890020992ಕ್ಕೆ ಬರೋಣ. ಇದರ ಬಗ್ಗೆ ಕಂಪೈಲರ್ ಒಂದು ಮಾತನ್ನೂ ಆಡಿರುವುದಿಲ್ಲ ಎಂಬುದನ್ನು ಗಮನಿಸಿ. ಹಳೆಯ ಯಂತ್ರದಲ್ಲಿ ನಿಮ್ಮ ಸ್ಟ್ರಕ್ಚರ್‌ನ ಅಳತೆ ಹೀಗಿತ್ತು: ಲಾಟ್‌ಗೆ 4, ಹೆಸರಿಗೆ 30, ಸಾಲು ಹೊಂದಿಸಲು ಖಾಲಿ ಬಿಟ್ಟ 2, ತೂಕಕ್ಕೆ 4, ದಿನಾಂಕಕ್ಕೆ 4, ಒಟ್ಟು 44 ಬೈಟ್. ಹೊಸ ಯಂತ್ರದಲ್ಲಿ ತೂಕವೂ ದಿನಾಂಕವೂ ತಲಾ 8 ಬೈಟ್ ಆಗಿ, ಖಾಲಿ ಜಾಗ 2ರಿಂದ 6ಕ್ಕೆ ಏರಿ, ಒಟ್ಟು 56 ಬೈಟ್ ಆಗಿದೆ. ಎಫ್‌ರೈಟ್‌ನಿಂದ ಸ್ಟ್ರಕ್ಚರ್ ಅನ್ನು ಇಡಿಯಾಗಿ ಬರೆದಿರುವ ಫೈಲ್‌ನಲ್ಲಿ ಹೊಸ ಪ್ರೋಗ್ರಾಂ 40ನೇ ಬೈಟ್‌ನಿಂದ 8 ಬೈಟ್‌ಗಳನ್ನು ತೂಕವೆಂದು ಓದುತ್ತದೆ. ಆದರೆ ಹಳೆಯ ಫೈಲ್‌ನಲ್ಲಿ ಅಲ್ಲಿರುವುದು ಮೊದಲ ಲಾಟ್‌ನ ದಿನಾಂಕ ಮತ್ತು ಅದರ ಬೆನ್ನಿಗೇ ಎರಡನೆಯ ಲಾಟ್‌ನ ಸಂಖ್ಯೆ. ಎರಡನೆಯ ಲಾಟ್‌ನ ಸಂಖ್ಯೆ 2 ಎಂದುಕೊಂಡು, 2ನ್ನು 4294967296ರಿಂದ ಗುಣಿಸಿ ಬಂದ 8589934592ನ್ನು ನಿಮ್ಮ ಸಂಖ್ಯೆಯಿಂದ ಕಳೆಯಿರಿ. 1300086400 ಉಳಿಯುತ್ತದೆ. 1970ರ ಜನವರಿ 1ರಿಂದ ಅಷ್ಟು ಸೆಕೆಂಡ್ ಎಣಿಸಿದರೆ ನಮ್ಮ ಗಡಿಯಾರದಲ್ಲಿ 2011ರ ಮಾರ್ಚ್ 14, ಸೋಮವಾರ, ಮಧ್ಯಾಹ್ನ 12 ಗಂಟೆ 36 ನಿಮಿಷ. ನಿಮ್ಮ ತಂದೆಯವರೋ ಅಣ್ಣನವರೋ ಆ ಲಾಟ್ ಬರೆದ ಹೊತ್ತು ಅದು. ಎರಡನೆಯ ರೈತರ ಹೆಸರಿನಲ್ಲಿ ಮೊದಲ 12 ಬೈಟ್ ಕಾಣೆಯಾಗಿರುವುದೂ ಇದೇ ಕಾರಣಕ್ಕೆ: 44ರಲ್ಲಿ ಶುರುವಾಗಬೇಕಾದ ಓದು 56ರಲ್ಲಿ ಶುರುವಾಗಿ, ಹೆಸರಿನ ನಾಲ್ಕು ಅಕ್ಷರಗಳನ್ನು ಲಾಟ್ ಸಂಖ್ಯೆ ಎಂದು ನುಂಗಿ, ಆಮೇಲೆ ಉಳಿದದ್ದನ್ನು ಹೆಸರೆಂದು ತೋರಿಸುತ್ತಿದೆ. ಎಲ್ಲ ಬೈಟ್‌ಗಳೂ ಫೈಲ್‌ನಲ್ಲಿ ಇದ್ದಲ್ಲೇ ಇವೆ.

ಹಳೆಯ ಫೈಲ್ ಓದಲೆಂದೇ ಬೇರೊಂದು ಸ್ಟ್ರಕ್ಚರ್ ಬರೆಯಿರಿ. ಅದರಲ್ಲಿ ಲಾಟ್, ತೂಕ, ದಿನಾಂಕ ಮೂರಕ್ಕೂ ಎಸ್‌ಟಿಡಿಇಂಟ್ ಹೆಡರ್‌ನಲ್ಲಿರುವ ಇಂಟ್32-ಟಿ ಬಳಸಿ. ಅದರ ಅಳತೆ 44 ಆಗದಿದ್ದರೆ ಕಂಪೈಲ್ ಆಗಕೂಡದು ಎಂದು ಒಂದು ಸ್ಟ್ಯಾಟಿಕ್ ಅಸರ್ಟ್ ಸಾಲನ್ನೂ ಕೆಳಗೆ ಸೇರಿಸಿ. ಕಂಪೈಲರ್ ತಾನಾಗಿ ಕೊಡದ ವಾರ್ನಿಂಗನ್ನು ನಾವೇ ಕೇಳಿ ಪಡೆಯುವ ದಾರಿ ಇದು. ಒಂದೇ ಸಲ ಎಲ್ಲ ದಾಖಲೆ ಓದಿ ಹೊಸ ರೂಪಕ್ಕೆ ಬರೆದುಬಿಡಿ. ಹೊಸ ರೂಪ ಸಾಲಿಗೊಂದು ಲಾಟ್ ಇರುವ ಸಾದಾ ಪಠ್ಯದ ಫೈಲ್ ಆದರೆ ಮುಂದೆ ಯಾವ ಯಂತ್ರಕ್ಕೂ ಅಂಜಬೇಕಿಲ್ಲ. ದಿನಾಂಕವನ್ನು ಮಾತ್ರ ಪ್ರೋಗ್ರಾಂನ ಒಳಗೆ 64 ಬಿಟ್‌ನಲ್ಲೇ ಇಟ್ಟುಕೊಳ್ಳಿ. 32 ಬಿಟ್‌ನ ಸೆಕೆಂಡ್ ಎಣಿಕೆ 2038ರ ಜನವರಿ 19ರ ಬೆಳಿಗ್ಗೆ ನಮ್ಮ ಸಮಯ 8 ಗಂಟೆ 44 ನಿಮಿಷ 7 ಸೆಕೆಂಡ್‌ಗೆ ತುಂಬಿಹೋಗುತ್ತದೆ, ನಿಮ್ಮ ಅಂಗಡಿ ಅದಕ್ಕೂ ಮುಂದೆ ನಡೆಯಬೇಕಲ್ಲ.

ಪ್ರಶ್ನೆ: ಗದಗದ ಒಂದು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಪುಟದಲ್ಲಿ ಯಾವ ಅಕ್ಷರ ಎಷ್ಟು ಸಲ ಬಂದಿದೆ ಎಂದು ಎಣಿಸುವ ಚಿಕ್ಕ ಸಿ ಪ್ರೋಗ್ರಾಂ ಬರೆದಿದ್ದೇನೆ. ಇಂಗ್ಲಿಷ್ ಪಠ್ಯಕ್ಕೆ ಸರಿಯಾಗಿ ಎಣಿಸುತ್ತದೆ. ಕನ್ನಡ ಪಠ್ಯ ಕೊಟ್ಟರೆ ಎಣಿಕೆ ಸೊನ್ನೆ ಬಂದು, ಪುಟಸಂಖ್ಯೆ ಇಟ್ಟ ವೇರಿಯಬಲ್ ತಾನಾಗಿ ಬದಲಾಗುತ್ತದೆ. ಇದೇ ಪ್ರೋಗ್ರಾಂ ರಾಸ್ಪ್‌ಬೆರಿ ಪೈನಲ್ಲಿ ಸರಿಯಾಗಿ ನಡೆಯುತ್ತದೆ. ‘ಅರೇ ಸಬ್‌ಸ್ಕ್ರಿಪ್ಟ್ ಹ್ಯಾಸ್ ಟೈಪ್ ಕ್ಯಾರ್’ ಎಂಬ ವಾರ್ನಿಂಗ್ ಒಂದಿದೆ, ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ಸಂಬಂಧವೇನು, ಇಡೀ ಉತ್ತರವೇ ಆ ವಾರ್ನಿಂಗ್‌ನಲ್ಲಿದೆ. ಕ್ಯಾರ್ ಎಂಬ ಟೈಪ್‌ಗೆ ಋಣ ಬೆಲೆಗಳು ಇರಬೇಕೇ ಬೇಡವೇ ಎಂಬುದನ್ನು ಸಿ ಭಾಷೆ ಆಯಾ ವ್ಯವಸ್ಥೆಗೇ ಬಿಟ್ಟಿದೆ. ನಿಮ್ಮ ಮೇಜಿನ ಮೇಲಿನ ಇಂಟೆಲ್ ಅಥವಾ ಎಎಂಡಿ ಕಂಪ್ಯೂಟರ್‌ನಲ್ಲಿ ಅದು −128ರಿಂದ 127ರವರೆಗೆ ಓಡುತ್ತದೆ. ರಾಸ್ಪ್‌ಬೆರಿ ಪೈನ ಆರ್ಮ್ ಲಿನಕ್ಸ್‌ನಲ್ಲಿ ಅದು 0ಯಿಂದ 255. ಇಂಗ್ಲಿಷ್ ಅಕ್ಷರಗಳೆಲ್ಲ 127ರ ಒಳಗೇ ಇರುವುದರಿಂದ ಅಲ್ಲಿ ಈ ವ್ಯತ್ಯಾಸ ಬಯಲಿಗೆ ಬರುವುದೇ ಇಲ್ಲ.

‘ಗದಗ’ ಎಂಬ ಪದವನ್ನೇ ತೆಗೆದುಕೊಳ್ಳಿ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್, ಅಂದರೆ ಈ ಪದಕ್ಕೆ 9 ಬೈಟ್. ‘ಗ’ ಎಂದರೆ 224, 178, 151. ‘ದ’ ಎಂದರೆ 224, 178, 166. ನಿಮ್ಮ ಕಂಪ್ಯೂಟರ್ 224ನ್ನು ಕ್ಯಾರ್‌ನಲ್ಲಿ −32 ಎಂದು ಓದುತ್ತದೆ. 178 ಅಲ್ಲಿ −78 ಆಗುತ್ತದೆ. ಹೀಗೆ ನಿಮ್ಮ ಎಣಿಕೆಯ ಅರೇಯಲ್ಲಿ −32ನೇ ಮನೆಗೆ ಮೂರು ಸಲ 1 ಕೂಡಿಸಲಾಗುತ್ತದೆ. ಅಂಥ ಮನೆ ಅರೇಯಲ್ಲಿ ಇಲ್ಲ. ಅರೇಗಿಂತ ಮುಂಚೆ ಮೆಮೊರಿಯಲ್ಲಿ ಯಾವುದಿತ್ತೋ ಅದರ ಮೇಲೆ ಬರೆದಂತಾಯಿತು. ನಿಮ್ಮ ಪುಟಸಂಖ್ಯೆ ಆ ಜಾಗದಲ್ಲಿ ಕೂತಿತ್ತು.

ಬೈಟ್ ಅನ್ನು ಅರೇಯ ಸೂಚಿಯಾಗಿ ಬಳಸುವ ಮುನ್ನ ಋಣ ಬೆಲೆಗಳಿಲ್ಲದ ಅನ್‌ಸೈನ್ಡ್ ಕ್ಯಾರ್‌ಗೆ ಕಾಸ್ಟ್ ಮಾಡಿ. ಕಾಸ್ಟ್‌ಗಳ ಬಗ್ಗೆ ಮೇಲೆ ಅಷ್ಟು ಕಟುವಾಗಿ ಬರೆದವನು ಇಲ್ಲಿ ಅದನ್ನೇ ಹೇಳುತ್ತಿರುವುದೇಕೆಂದರೆ, ಇಲ್ಲಿ ಕಳೆದುಹೋಗುವುದು ಏನೂ ಇಲ್ಲ, 8 ಬಿಟ್‌ಗಳು 8 ಆಗಿಯೇ ಉಳಿದು ಅವುಗಳ ಓದು ಮಾತ್ರ ಸ್ಪಷ್ಟವಾಗುತ್ತದೆ. ಈಸ್‌ಆಲ್ಫಾ, ಟುಅಪ್ಪರ್ ಮುಂತಾದ ಫಂಕ್ಷನ್‌ಗಳಿಗೆ ಬೈಟ್ ಕೊಡುವಾಗಲೂ ಹೀಗೇ ಮಾಡಬೇಕು. ಗೆಟ್‌ಕ್ಯಾರ್‌ನಿಂದ ಓದುವಾಗ ಮಾತ್ರ ಅದರ ಬೆಲೆಯನ್ನು ಇಂಟ್‌ನಲ್ಲೇ ಹಿಡಿಯಿರಿ. ಕ್ಯಾರ್‌ನಲ್ಲಿ ಹಿಡಿದರೆ ಫೈಲ್ ಮುಗಿಯಿತು ಎಂದು ಹೇಳುವ −1 ಪೈನಲ್ಲಿ 255 ಆಗಿಬಿಡುತ್ತದೆ, ಲೂಪ್ ನಿಲ್ಲುವುದೇ ಇಲ್ಲ. ಹೆಚ್ಚಿನ ವಾರ್ನಿಂಗ್ ಕೇಳುವ ಡಬ್ಲ್ಯೂ-ಎಕ್ಸ್‌ಟ್ರಾ ಆಯ್ಕೆ ಕೊಟ್ಟರೆ ಆರ್ಮ್‌ನ ಜಿಸಿಸಿ ಈ ಹೋಲಿಕೆ ಯಾವಾಗಲೂ ಒಂದೇ ಉತ್ತರ ಕೊಡುತ್ತದೆ ಎಂದು ತಿಳಿಸುತ್ತದೆ.

ಇನ್ನೊಂದು ಮಾತು, ಪ್ರೆಸ್‌ನವರಾದ ನಿಮಗೆ ಇದು ಬೇಕಾಗುತ್ತದೆ. ಈ ತಿದ್ದುಪಡಿಯಿಂದ ಬೈಟ್‌ಗಳ ಎಣಿಕೆ ಸರಿಹೋಗುತ್ತದೆಯೇ ಹೊರತು ಕನ್ನಡದ ಅಕ್ಷರಗಳ ಎಣಿಕೆ ಸಿಗುವುದಿಲ್ಲ. ‘ಶ್ರೀ’ ಎಂಬ ಒಂದೇ ಅಕ್ಷರ ನಾಲ್ಕು ಸಂಕೇತಗಳಿಂದ ಆಗಿ 12 ಬೈಟ್ ಹಿಡಿಯುತ್ತದೆ. ಅದಕ್ಕೆ ಸಂಕೇತಗಳನ್ನು ಬಿಡಿಸಿ ಒತ್ತು, ಗುಣಿತಗಳನ್ನು ಕೂಡಿಸಿ ಎಣಿಸುವ ಬೇರೆಯದೇ ಕೋಡ್ ಬೇಕು.

ಪ್ರಶ್ನೆ: ಧಾರವಾಡದಲ್ಲಿ ಬಿಸಿಎ ಓದುತ್ತಿದ್ದೇನೆ. ನಮ್ಮ ಲ್ಯಾಬ್‌ನಲ್ಲಿ ಟರ್ಬೊ ಸಿ ಇದೆ. ಅಲ್ಲಿ 300ನ್ನು 200ರಿಂದ ಗುಣಿಸಿ ಇಂಟ್‌ನಲ್ಲಿ ಇಟ್ಟರೆ −5536 ಬರುತ್ತದೆ, ಮನೆಯ ಲ್ಯಾಪ್‌ಟಾಪ್‌ನ ಜಿಸಿಸಿಯಲ್ಲಿ 60000 ಬರುತ್ತದೆ. ನೋಟ್ಸ್‌ನಲ್ಲಿ ಇಂಟ್ ಎಂದರೆ 2 ಬೈಟ್ ಎಂದಿದೆ. ಪರೀಕ್ಷೆಯಲ್ಲಿ ಯಾವುದನ್ನು ಬರೆಯಲಿ?

ಉತ್ತರ: ಎರಡು ಕಂಪೈಲರ್‌ಗಳೂ ತಮ್ಮ ತಮ್ಮ ಮಟ್ಟಿಗೆ ಸರಿ. ಟರ್ಬೊ ಸಿ 16 ಬಿಟ್‌ನ ಡಾಸ್ ಕಾಲದ್ದು, ಅದರ ಇಂಟ್ 32767ಕ್ಕೆ ತುಂಬುತ್ತದೆ. 60000ದಿಂದ 65536ನ್ನು ಕಳೆದರೆ ನಿಮಗೆ ಸಿಕ್ಕ −5536 ಬರುತ್ತದೆ. ಇಂಟ್ ಕನಿಷ್ಠ 16 ಬಿಟ್ ಇರಬೇಕು ಎಂದಷ್ಟೇ ಸಿ ಮಾನಕ ಹೇಳುತ್ತದೆ. ಪರೀಕ್ಷೆಯಲ್ಲಿ ‘ಟರ್ಬೊ ಸಿಯಲ್ಲಿ 2 ಬೈಟ್, ಇಂದಿನ ಜಿಸಿಸಿಯಲ್ಲಿ 4 ಬೈಟ್’ ಎಂದು ಯಂತ್ರದ ಹೆಸರು ಹೇಳಿ ಬರೆದರೆ ಯಾವ ಮೌಲ್ಯಮಾಪಕರೂ ತಪ್ಪು ಹಾಕಲಾರರು.

64 ಬಿಟ್ ವಿಂಡೋಸ್ 16 ಬಿಟ್‌ನ ಡಾಸ್ ಪ್ರೋಗ್ರಾಂಗಳನ್ನು ನೇರವಾಗಿ ಓಡಿಸುವುದೇ ಇಲ್ಲ, ಆದ್ದರಿಂದ ನಿಮ್ಮ ಲ್ಯಾಬ್‌ನ ಹೊಸ ಯಂತ್ರಗಳಲ್ಲಿ ಟರ್ಬೊ ಸಿ ಡಾಸ್‌ಬಾಕ್ಸ್‌ನಂಥ ಅನುಕರಣೆಯೊಳಗೆ ಬದುಕಿರಬೇಕು. ನನ್ನ ಕಳಕಳಿ ಇರುವುದು ಬೇರೆ ಕಡೆ. ಅಲ್ಲಿ ಕಲಿತವರಿಗೆ ವಾರ್ನಿಂಗ್ ಓದುವ ಅಭ್ಯಾಸವೇ ಆಗುವುದಿಲ್ಲ, ಏಕೆಂದರೆ ಘೋಷಣೆಯಿಲ್ಲದೆ ಕರೆದ ಫಂಕ್ಷನ್‌ಗಳೂ ವಾಯ್ಡ್ ಮೇನ್ ಕೂಡ ಅಲ್ಲಿ ಸದ್ದಿಲ್ಲದೆ ನಡೆದುಹೋಗುತ್ತವೆ. ಮನೆಯಲ್ಲಿ ಪ್ರತಿ ಲ್ಯಾಬ್ ಪ್ರೋಗ್ರಾಂ ಅನ್ನು ಜಿಸಿಸಿಯಲ್ಲಿ ಡಬ್ಲ್ಯೂ-ಆಲ್ ಮತ್ತು ಡಬ್ಲ್ಯೂ-ಎಕ್ಸ್‌ಟ್ರಾ ಎರಡೂ ಆಯ್ಕೆ ಕೊಟ್ಟು ಇನ್ನೊಮ್ಮೆ ಕಂಪೈಲ್ ಮಾಡಿ, ಬಂದ ಪ್ರತಿ ಸಾಲಿನ ಅರ್ಥ ಕೇಳಿ ತಿಳಿದುಕೊಳ್ಳಿ. ಕೊನಿಯೊ ಹೆಡರ್ ಸಿಗುವುದಿಲ್ಲ ಎಂದು ಅದು ನಿಂತರೆ ಕ್ಲಿಯರ್‌ಸ್ಕ್ರೀನ್, ಗೆಟ್‌ಸಿಎಚ್ ಸಾಲುಗಳನ್ನು ತೆಗೆದುಹಾಕಿ. ಲೆಕ್ಕಕ್ಕೆ ಅವು ಬೇಕಿಲ್ಲ.

ಪ್ರಶ್ನೆ: ಹುಬ್ಬಳ್ಳಿಯ ಒಂದು ಚಿಕ್ಕ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ನಮ್ಮ ಸಿ ಕೋಡ್ ಲಿನಕ್ಸ್ ಮತ್ತು ವಿಂಡೋಸ್ ಎರಡರಲ್ಲೂ 64 ಬಿಟ್‌ಗೆ ಹೋಗಬೇಕಿದೆ. ಶನಿವಾರದೊಳಗೆ ವಾರ್ನಿಂಗ್ ಸೊನ್ನೆಗೆ ಬರಬೇಕೆಂದು ಮೇಲಿನವರ ಆದೇಶ. ಸಹೋದ್ಯೋಗಿಗಳು ಎಲ್ಲ ಕಡೆ ಕಾಸ್ಟ್ ಹಾಕುತ್ತ, ಪಾಯಿಂಟರ್ ಇಡುತ್ತಿದ್ದ ಇಂಟ್‌ಗಳನ್ನೆಲ್ಲ ಲಾಂಗ್ ಮಾಡುತ್ತಿದ್ದಾರೆ. ನನಗೆ ಸಮಾಧಾನವಿಲ್ಲ, ಆದರೆ ಹೇಗೆ ವಾದಿಸಬೇಕೆಂದು ತಿಳಿಯುತ್ತಿಲ್ಲ.

ಉತ್ತರ: ನಿಮ್ಮ ಅಸಮಾಧಾನಕ್ಕೆ ಬಲವಾದ ಕಾರಣವಿದೆ. ಮೊದಲು ಲಾಂಗ್‌ನ ಮಾತು. 64 ಬಿಟ್ ವಿಂಡೋಸ್‌ನಲ್ಲಿ ಪಾಯಿಂಟರ್ 8 ಬೈಟ್ ಆದರೂ ಲಾಂಗ್ 4 ಬೈಟ್‌ನಲ್ಲೇ ನಿಂತಿದೆ. ಅಲ್ಲಿನ ಪದ್ಧತಿಗೆ ಎಲ್‌ಎಲ್‌ಪಿ64 ಎನ್ನುತ್ತಾರೆ. ಲಿನಕ್ಸ್‌ನಲ್ಲಿ ವಾರ್ನಿಂಗ್ ನಿಲ್ಲಿಸಿದ ಅದೇ ತಿದ್ದುಪಡಿ ವಿಂಡೋಸ್‌ನಲ್ಲಿ ಪಾಯಿಂಟರ್‌ನ ಅರ್ಧ ಕತ್ತರಿಸುತ್ತದೆ, ವಿಷುವಲ್ ಸಿ ಕಂಪೈಲರ್ ಸಿ4311 ಎಂಬ ವಾರ್ನಿಂಗ್ ಕೊಡುವುದು ಇದಕ್ಕೇ. ಪಾಯಿಂಟರ್ ಅನ್ನು ಸಂಖ್ಯೆಯಾಗಿ ಹಿಡಿಯಲೇಬೇಕಾದ ಕಡೆ ಯುಇಂಟ್‌ಪಿಟಿಆರ್-ಟಿ ಬಳಸಿ. ಮೆಮೊರಿಯ ಅಳತೆಗೆ ಸೈಜ್-ಟಿ, ಎರಡು ಪಾಯಿಂಟರ್‌ಗಳ ಅಂತರಕ್ಕೆ ಪಿಟಿಆರ್‌ಡಿಫ್-ಟಿ, ಫೈಲ್‌ಗೋ ತಂತಿಯ ಮೇಲೋ ಹೋಗುವ ಪ್ರತಿ ಸಂಖ್ಯೆಗೆ ಇಂಟ್32-ಟಿ ಅಥವಾ ಇಂಟ್64-ಟಿ. ಎರಡೂ ವ್ಯವಸ್ಥೆಗೆ ಹೋಗುವ ಕೋಡ್‌ನಲ್ಲಿ ಲಾಂಗ್ ಎಂಬ ಪದವನ್ನೇ ಕಂಡ ಕಡೆ ಅನುಮಾನಿಸುವುದು ಒಳ್ಳೆಯದು.

ಕಾಸ್ಟ್ ವಿಷಯದಲ್ಲಿ ನನ್ನದೇ ಅನುಭವ ಹೇಳುತ್ತೇನೆ. ಹಿಂದೆ ನಾನಿದ್ದ ಒಂದು ಸಂಸ್ಥೆಯಲ್ಲಿ ವ್ಯಾಪಾರಿಗಳ ಲೆಕ್ಕದ ಪ್ರೋಗ್ರಾಂ ನೋಡಿಕೊಳ್ಳುತ್ತಿದ್ದೆ. ಹಣವನ್ನೆಲ್ಲ ಪೈಸೆಯಲ್ಲಿ ಎಣಿಸುತ್ತಿದ್ದೆವು. ಒಟ್ಟು ಮೊತ್ತ ಲಾಂಗ್ ಲಾಂಗ್‌ನಲ್ಲಿತ್ತು, ವರದಿಯ ಫಂಕ್ಷನ್ ಇಂಟ್ ಕೇಳುತ್ತಿತ್ತು. ಬೆಲೆ ಕುಗ್ಗಬಹುದು ಎಂದು ಕಂಪೈಲರ್ ವಾರ್ನಿಂಗ್ ಕೊಟ್ಟಿತು, ನಾನು ಇಂಟ್ ಎಂದು ಕಾಸ್ಟ್ ಹಾಕಿ ಮುಂದಿನ ಸಾಲಿಗೆ ಹೋದೆ. ಇಂಟ್‌ನ ಮಿತಿಯಾದ 2147483647 ಪೈಸೆ ಎಂದರೆ 2,14,74,836 ರೂಪಾಯಿ 47 ಪೈಸೆ. ಆ ವರ್ಷದ ಮಾರ್ಚ್ ಕೊನೆಯ ವಾರದಲ್ಲಿ ಒಬ್ಬ ವ್ಯಾಪಾರಿಯ ವಹಿವಾಟು ಎರಡು ಕೋಟಿ ಹದಿನೈದು ಲಕ್ಷ ದಾಟಿತು, ಅವರ ವರದಿಯಲ್ಲಿ ಒಟ್ಟು ಮೊತ್ತದ ಹಿಂದೆ ಋಣ ಚಿಹ್ನೆ ಬಂತು. ಆ ಹಿರಿಯರು ಕಾಗದ ಹಿಡಿದು ಬಂದು, ‘ತಮ್ಮಾ, ನಾ ಇಷ್ಟು ಸಾಲಗಾರ ಯಾವಾಗ ಆದೆ?’ ಎಂದು ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಕಂಪೈಲರ್ ಮೊದಲೇ ಹೇಳಿತ್ತು. ನಾನು ಹಾಕಿದ ಕಾಸ್ಟ್ ಓದದೆ ಹಾಕಿದ ಸಹಿಯಾಗಿತ್ತು. ಒಮ್ಮೆ ಕಾಸ್ಟ್ ಹಾಕಿದ ಸಾಲಿನ ಬಗ್ಗೆ ಆ ಕಂಪೈಲರ್ ಮತ್ತೆ ಮಾತಾಡುವುದಿಲ್ಲ, ಹಾಗಾಗಿ ತಪ್ಪು ಹುಡುಕಲು ನಮಗೆ ನಾಲ್ಕು ದಿನ ಹಿಡಿಯಿತು.

ಮೇಲಿನವರಿಗೆ ತೋರಿಸಲು ದೊಡ್ಡ ಉದಾಹರಣೆ ಬೇಕಿದ್ದರೆ ಡೆಬಿಯನ್ ಲಿನಕ್ಸ್‌ನದು ಹೇಳಿ. 2006ರಲ್ಲಿ ಅಲ್ಲಿನ ಓಪನ್‌ಎಸ್‌ಎಸ್‌ಎಲ್ ಎಂಬ ಗುಪ್ತಲಿಪಿಯ ಪ್ಯಾಕೇಜ್‌ನಲ್ಲಿ ವ್ಯಾಲ್‌ಗ್ರೈಂಡ್ ಎಂಬ ಮೆಮೊರಿ ತಪಾಸಣೆಯ ಸಾಧನ ಕೊಡುತ್ತಿದ್ದ ಎಚ್ಚರಿಕೆಯನ್ನು ನಿಲ್ಲಿಸಲೆಂದು ಕೋಡ್‌ನ ಸಾಲುಗಳನ್ನು ತೆಗೆಯಲಾಯಿತು. ಗುಪ್ತಲಿಪಿಯ ಕೀಲಿಗಳಿಗೆ ಬೇಕಾದ ಯಾದೃಚ್ಛಿಕತೆ ತುಂಬುತ್ತಿದ್ದುದೇ ಆ ಸಾಲುಗಳಿಂದ. ಅವು ಹೋದ ಮೇಲೆ ಉಳಿದ ವ್ಯತ್ಯಾಸ ಎಂದರೆ ಪ್ರೋಸೆಸ್‌ನ ಸಂಖ್ಯೆ ಮಾತ್ರ, ಅದು ಸುಮಾರು 32 ಸಾವಿರ ಬಗೆ. 2008ರ ಮೇ 13ರಂದು ವಿಷಯ ಪ್ರಕಟವಾದಾಗ ಆ ಬದಲಾವಣೆಯಾದ ಪ್ಯಾಕೇಜ್‌ನಿಂದ ಅಷ್ಟರವರೆಗೆ ಮಾಡಿದ ಕೀಲಿಗಳನ್ನೆಲ್ಲ ಎಸೆದು ಹೊಸದಾಗಿ ಮಾಡಬೇಕಾಯಿತು. ಆ ತಿದ್ದುಪಡಿ ಮಾಡಿದವರ ಉದ್ದೇಶ ಒಳ್ಳೆಯದೇ ಇತ್ತು. ಎಚ್ಚರಿಕೆ ಏಕೆ ಬರುತ್ತಿದೆ ಎಂಬುದು ಪೂರ್ತಿ ತಿಳಿಯುವ ಮೊದಲೇ ಅದನ್ನು ನಿಲ್ಲಿಸಲಾಗಿತ್ತು.

ವಾರ್ನಿಂಗ್ ಸೊನ್ನೆಯಾದರೂ ಕೆಲಸ ಮುಗಿಯದ ಒಂದು ಉದಾಹರಣೆಯನ್ನೂ ಅವರ ಮುಂದಿಡಿ. ಇಂಟ್ ಸೂಚಿಯ ಬೆಲೆ 0 ಇದೆ, ಅದರಿಂದ ಅನ್‌ಸೈನ್ಡ್ ಇಂಟ್ ಆದ 1ನ್ನು ಕಳೆದು ಪಾಯಿಂಟರ್‌ಗೆ ಕೂಡಿಸುತ್ತೀರಿ. ಉತ್ತರ −1 ಆಗದೆ 4294967295 ಆಗುತ್ತದೆ. 32 ಬಿಟ್ ಯಂತ್ರದಲ್ಲಿ ವಿಳಾಸ ಸುತ್ತಿಬಂದು ಹಿಂದಿನ ಮನೆಗೇ ತಲುಪುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. 64 ಬಿಟ್‌ನಲ್ಲಿ ಅದು ನಾಲ್ಕು ನೂರು ಕೋಟಿಗೂ ಹೆಚ್ಚು ಮನೆ ಮುಂದೆ ಹೋಗಿ ಬೀಳುತ್ತದೆ. ‘ಆಲ್’ ಎಂದರೆ ಎಲ್ಲ ಎಂದರ್ಥವಾದರೂ ಡಬ್ಲ್ಯೂ-ಆಲ್ ಇದನ್ನು ಹೇಳುವುದಿಲ್ಲ, ಡಬ್ಲ್ಯೂ-ಎಕ್ಸ್‌ಟ್ರಾ ಕೂಡ ಹೇಳುವುದಿಲ್ಲ. ಡಬ್ಲ್ಯೂ-ಸೈನ್-ಕನ್ವರ್ಶನ್ ಹೇಳುತ್ತದೆ. ಅದನ್ನೂ ಡಬ್ಲ್ಯೂ-ಕನ್ವರ್ಶನ್ ಅನ್ನೂ ಇಡೀ ಕೋಡ್‌ಗೆ ಒಮ್ಮೆಲೇ ಕೊಟ್ಟರೆ ಸಾವಿರಾರು ಸಾಲು ಬಂದು ಎಲ್ಲರೂ ಕೈಚೆಲ್ಲುತ್ತಾರೆ, ಆದ್ದರಿಂದ ಹಣ, ಅಳತೆ ಮತ್ತು ಮೆಮೊರಿ ಸೂಚಿಗಳನ್ನು ಮುಟ್ಟುವ ಫೈಲ್‌ಗಳಿಗೆ ಮೊದಲು ಕೊಡಿ.

ಶನಿವಾರದ ಗಡುವಿಗೆ ನನ್ನ ಸಲಹೆ ಇಷ್ಟು. ಘೋಷಣೆಯಿಲ್ಲದ ಫಂಕ್ಷನ್ ಮತ್ತು ಪಾಯಿಂಟರ್-ಇಂಟ್ ಗೊಂದಲದ ವಾರ್ನಿಂಗ್‌ಗಳನ್ನು ಮಾತ್ರ ಈ ವಾರ ನಿಜವಾಗಿ ಸೊನ್ನೆಗೆ ತನ್ನಿ, ಮತ್ತು ಆ ಎರಡು ಬಗೆಗೆ ಮಾತ್ರ ವಾರ್ನಿಂಗನ್ನೇ ದೋಷವಾಗಿಸುವ ಡಬ್ಲ್ಯೂ-ಎರರ್ ಹಾಕಿ ಅವು ಮರಳಿ ಬಾರದಂತೆ ಮಾಡಿ. ಉಳಿದವುಗಳ ಎಣಿಕೆಯನ್ನು ಬಗೆಬಗೆಯಾಗಿ ಬರೆದು ಮೇಲಿನವರ ಮುಂದಿಡಿ. ಒಂದು ಬಗೆಯ ತಿದ್ದುಪಡಿಗಳೆಲ್ಲ ಒಂದೇ ಕಮಿಟ್‌ನಲ್ಲಿರಲಿ. ಕಾಸ್ಟ್ ಬೇಕೇ ಬೇಕಾದ ಕಡೆ, ಬೆಲೆ ಆ ಮಿತಿಯೊಳಗೇ ಏಕೆ ಇರುತ್ತದೆ ಎಂಬುದನ್ನು ಪಕ್ಕದಲ್ಲಿ ಒಂದು ಸಾಲಿನ ಕಾಮೆಂಟ್ ಆಗಿ ಬರೆಯಬೇಕೆಂದು ನಿಯಮ ಮಾಡಿ. ಆ ಸಾಲು ಬರೆಯಲು ಆಗದಿದ್ದರೆ ಆ ಕಾಸ್ಟ್ ಅಲ್ಲಿರಬಾರದು.

ಪ್ರಶ್ನೆ: ರಾಣೇಬೆನ್ನೂರಿನಿಂದ ಬರೆಯುತ್ತಿದ್ದೇನೆ. ಹಳೆಯ ಕೋಡ್ ತಿದ್ದಲು ಸಮಯವಿಲ್ಲ. 64 ಬಿಟ್ ಉಬುಂಟುವಿನಲ್ಲೇ ಎಂ-32 ಆಯ್ಕೆ ಕೊಟ್ಟು 32 ಬಿಟ್ ಪ್ರೋಗ್ರಾಂ ಮಾಡಿದರೆ ಸಾಲದೇ?

ಉತ್ತರ: ಸದ್ಯದ ಕೆಲಸಕ್ಕೆ ಸಾಕು. ಜಿಸಿಸಿ-ಮಲ್ಟಿಲಿಬ್ ಎಂಬ ಪ್ಯಾಕೇಜ್ ಹಾಕಿಕೊಂಡರೆ ಆ ಆಯ್ಕೆ ನಡೆಯುತ್ತದೆ, ಬೇರೆ ಲೈಬ್ರರಿಗಳನ್ನು ಬಳಸಿದ್ದರೆ ಅವುಗಳ 32 ಬಿಟ್ ರೂಪಗಳೂ ಬೇಕಾಗುತ್ತವೆ. ದಿನಾಂಕದ ವಿಷಯದಲ್ಲಿ 2038ರ ಮಿತಿ ಹಾಗೆಯೇ ಉಳಿಯುತ್ತದೆ. ಈ ಆಯ್ಕೆಯನ್ನು ನಾನು ಬಳಸುವುದು ಬೇರೆ ಕೆಲಸಕ್ಕೆ: ಒಂದೇ ಕೋಡ್ ಅನ್ನು ಒಮ್ಮೆ ಎಂ-32ರಲ್ಲಿ, ಒಮ್ಮೆ 64 ಬಿಟ್‌ನಲ್ಲಿ ಕಂಪೈಲ್ ಮಾಡಿ, ಎರಡಕ್ಕೂ ಒಂದೇ ದಾಖಲೆ ಕೊಟ್ಟು, ಬಂದ ಎರಡು ಉತ್ತರಗಳನ್ನು ಫೈಲ್‌ಗಳ ವ್ಯತ್ಯಾಸ ತೋರಿಸುವ ಡಿಫ್‌ನಿಂದ ಹೋಲಿಸುತ್ತೇನೆ. ಎಲ್ಲಿ ಎರಡು ಉತ್ತರ ಬೇರೆಯಾಗುತ್ತವೆಯೋ ಅಲ್ಲಿ ಸಾಮಾನ್ಯವಾಗಿ ಅಳತೆಯ ಬಗ್ಗೆ ತಪ್ಪು ನಂಬಿಕೆ ಇಟ್ಟ ಸಾಲು ಇರುತ್ತದೆ. ಬ್ಯಾಡಗಿಯ ಓದುಗರೂ ತಮ್ಮ 2011ರ ಫೈಲ್‌ನ ಪ್ರತಿಯ ಮೇಲೆ ಇದನ್ನು ಮಾಡಿ ನೋಡಬಹುದು; ಎಂ-32ರಲ್ಲಿ ಮಾಡಿದ ಪ್ರೋಗ್ರಾಂ ಮೊದಲ ಲಾಟ್‌ನ ನಿಜವಾದ ತೂಕವನ್ನು ತೋರಿಸುತ್ತದೆ.